ಜವಾರಿ ಕೋಳಿ ಬಯಲಿಗೆ ಬಿಡೋದಾ, ಜಾಳಿಗೆಯೊಳಗೆ ಇಡೋದಾ? ಮುಂಗುಸಿ, ಹದ್ದು, ನರಿ ಕಾಟ ಇರುವವರು ಹೇಳಿ

ಕಲಘಟಗಿ ಹಿತ್ತಲು

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲ ಕಲಘಟಗಿ ತಾಲ್ಲೂಕಿನಲ್ಲಿದೆ. ಒಂದು ಕಡೆ ಕಬ್ಬು, ಇನ್ನೊಂದು ಕಡೆ ಗೋವಿನಜೋಳ, ಹಿಂದೆ ಹಳ್ಳ. ಹಳ್ಳದ ದಂಡೆ ತುಂಬಾ ಪೊದೆ. ಸುಮಾರು ನಲವತ್ತು ಕೋಳಿ ಇವೆ. ಹೆಚ್ಚಿನವು ಜವಾರಿ (ನಾಟಿ), ಒಂದಿಷ್ಟು ಗಿರಿರಾಜ ಅನ್ನುವ ಸುಧಾರಿತ ತಳಿ. ಬೆಳಿಗ್ಗೆ ಬಾಗಿಲು ತೆಗೆದರೆ ಸಂಜೆವರೆಗೆ ತಾವೇ ಮೇಯ್ದುಕೊಂಡು ಬರುತ್ತವೆ. ತಿಪ್ಪೆ ಕೆದರುತ್ತವೆ, ಬಣವಿ ಕೆಳಗೆ ಕಾಳು ಆರಿಸುತ್ತವೆ. ಸಂಜೆ ಒಂದು ಹಿಡಿ ಜೋಳ ಚೆಲ್ಲಿದರೆ ಮುಗೀತು.

ಈ ಮಳೆಗಾಲದಿಂದ ಕಾಟ ಜಾಸ್ತಿಯಾಗಿದೆ. ತಾಯಿ ಹಿಂದೆ ಹತ್ತು ಮರಿ ಹೊರಟರೆ ಎರಡು ವಾರ ಆಗುವಷ್ಟರಲ್ಲಿ ಮೂರೋ ನಾಲ್ಕೋ ಉಳಿಯುತ್ತವೆ. ಮೊನ್ನೆ ಅಂತೂ ಗೂಡಿನೊಳಗೇ ಮೂರು ಹ್ಯಾಟೆ (ಹೆಣ್ಣು ಕೋಳಿ) ಸತ್ತು ಬಿದ್ದಿದ್ದವು. ಕುತ್ತಿಗೆ ಹತ್ತಿರ ಸಣ್ಣ ಗಾಯ, ಉಳಿದ ಮೈ ಹಾಗೇ ಇದೆ. ತಿಂದಿಲ್ಲ. ತಿಂದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಅವ್ವ "ಎಲ್ಲಾ ಮಾರಿಬಿಡು" ಅಂತಾಳೆ. ಮನೆಯವಳು "ಜಾಳಿಗೆ ಹಾಕಿ ಒಳಗೇ ಇಡೋಣ" ಅಂತಾಳೆ. ಒಳಗೇ ಕೂಡಿಹಾಕಿ ಚೀಲದ ಕಾಳು ಹಾಕುವುದಾದರೆ ಜವಾರಿ ಕೋಳಿ ಯಾಕೆ ಸಾಕಬೇಕು ಅನ್ನೋದು ನನ್ನ ತಕರಾರು. ಬಿಟ್ಟು ಸಾಕುವವರು ಹೇಗೆ ನಿಭಾಯಿಸ್ತೀರಿ?

ರಾಣೆಬೆನ್ನೂರು ಶೆಡ್

ಇದರಲ್ಲಿ ಯೋಚನೆ ಮಾಡೋದೇನಿದೆ ರೀ? ಒಳಗೆ ಇಡಿ. ಬೆಳೆದ ಹ್ಯಾಟೆ ಒಂದು ಹೋದರೆ ನಾಲ್ಕೈದು ತಿಂಗಳು ಸಾಕಿದ್ದು, ಮುಂದೆ ಅದು ಇಡುವ ತತ್ತಿ, ಅದರ ಮರಿ, ಎಲ್ಲಾ ಹೋಯ್ತು. "ಖರ್ಚಿಲ್ಲದೆ ಬೆಳೀತಾವೆ" ಅಂತ ಹೇಳುವವರು ಈ ಲೆಕ್ಕ ಬರೆದೇ ಇರೋದಿಲ್ಲ. ಶೆಡ್ ಒಳಗೆ ಇದ್ದರೆ ತತ್ತಿ ಎಲ್ಲಿ ಇಟ್ಟಿತು ಅಂತ ಬೇಲಿ ಹುಡುಕುವ ಕೆಲಸವೂ ಇಲ್ಲ.

ನರಗುಂದ ಎರೆಹೊಲ

ಶೆಡ್ ಅಣ್ಣನ ಮಾತು ಫಾರಂ ಕೋಳಿಗೆ ಸರಿ. ಜವಾರಿಗೆ ಅಲ್ಲ.

ಲೆಕ್ಕ ಅಂದ್ರಲ್ಲ, ಇನ್ನೊಂದು ಲೆಕ್ಕಾನೂ ಹಾಕೋಣ. ತತ್ತಿ ಇಡುವ ಫಾರಂ ಕೋಳಿ ದಿನಕ್ಕೆ 110 ಗ್ರಾಂ ಆಸುಪಾಸು ತಿನ್ನುತ್ತದೆ. ಜವಾರಿ ಸಣ್ಣದು, 90 ಅಂತ ಹಿಡಿಯಿರಿ. ನಲವತ್ತು ಕೋಳಿಗೆ ತಿಂಗಳಿಗೆ ಒಂದು ಕ್ವಿಂಟಲ್ ಮೇಲೆ ಕಾಳು ಬೇಕು. ಫಾರಂ ಕೋಳಿ ಅಷ್ಟು ತಿಂದು ವರ್ಷಕ್ಕೆ 300ರ ಹತ್ತಿರ ತತ್ತಿ ಕೊಡುತ್ತದೆ. ನಮ್ಮ ಜವಾರಿ ಹೆಚ್ಚುಕಡಿಮೆ ಅಷ್ಟೇ ತಿಂದು 60, 70 ಇಟ್ಟು ಕಾವಿಗೆ ಕೂತುಬಿಡುತ್ತದೆ. ಕೂಡಿಹಾಕಿದರೆ ಗಂಟು ಕರಗುತ್ತೆ ಅಷ್ಟೇ. ಬಿಟ್ಟರೆ ಅದೇ ಕೋಳಿ ಗೆದ್ದಲು, ಮಿಡತೆ, ಉದುರಿದ ಜೋಳ, ಹಸಿ ಸೊಪ್ಪು ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ.

ಇನ್ನೊಂದು. ಇಕ್ಕಟ್ಟಿನಲ್ಲಿ ಇಟ್ಟರೆ ಜವಾರಿ ಸುಮ್ನೆ ಇರೋದಿಲ್ಲ. ಒಂದರ ಬಾಲ ಇನ್ನೊಂದು ಕುಕ್ಕಿ ರಕ್ತ ಬರಿಸುತ್ತವೆ. ರಕ್ತ ಕಂಡರೆ ಉಳಿದವೂ ಸೇರಿಕೊಳ್ಳುತ್ತವೆ. ಮುಂಗುಸಿ ಕೊಲ್ಲುವ ಕೋಳಿಯನ್ನು ಅವೇ ಕೊಲ್ಲುತ್ತವೆ.

ಶಿಗ್ಗಾವಿ ಹುಡುಗ

ಇಷ್ಟೆಲ್ಲಾ ಯಾಕ್ರೀ. ಸತ್ತ ಕೋಳಿಗೆ ಔಷಧ ಹಚ್ಚಿ ಹಳ್ಳದ ದಂಡೆಯಲ್ಲಿ ಇಡಿ. ನಾಲ್ಕು ದಿನದಲ್ಲಿ ಎಲ್ಲಾ ಸ್ವಚ್ಛ.

ನಿವೃತ್ತ ಪಶುವೈದ್ಯ, ಹಾವೇರಿ

ತಮ್ಮಾ, ಅದನ್ನು ಮಾಡಲೇಬೇಡಿ. ಮುಂಗುಸಿ, ಉಡ, ನರಿ, ಕಾಡುಬೆಕ್ಕು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬರುತ್ತವೆ. ವಿಷ ಇಟ್ಟರೆ ಜೈಲು. ಅದು ಹಾಗಿರಲಿ. ವಿಷ ಹಾಕಿದ ಕೋಳಿಯನ್ನು ಮುಂಗುಸಿಯೇ ತಿನ್ನುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಊರ ನಾಯಿ ತಿನ್ನುತ್ತದೆ, ಕಾಗೆ ತಿನ್ನುತ್ತದೆ. ನಿಮ್ಮದೇ ತಾಲ್ಲೂಕಿನ ಬಂಕಾಪುರದಲ್ಲಿ ಕೋಟೆ ತುಂಬಾ ನವಿಲು ಇವೆ. ನವಿಲಿಗೆ ಮಾಂಸದ ತುಂಡಾದರೇನು, ಹುಳ ಆದರೇನು, ಕುಕ್ಕಿಯೇ ನೋಡುತ್ತದೆ.

ಈಗ ಕಲಘಟಗಿಯವರಿಗೆ. ಬಿಡೋದಾ ಕಟ್ಟೋದಾ ಅನ್ನುವ ಮೊದಲು ಕಳ್ಳ ಯಾರು ಅಂತ ಗೊತ್ತಾಗಬೇಕು. ಒಬ್ಬೊಬ್ಬ ಕಳ್ಳನಿಗೆ ಒಂದೊಂದು ಬಾಗಿಲು. ಹದ್ದಿಗೆ ಬೇಲಿ ಹಾಕಿ ಪ್ರಯೋಜನ ಇಲ್ಲ, ನರಿಗೆ ಮೇಲೆ ಬಲೆ ಕಟ್ಟಿ ಪ್ರಯೋಜನ ಇಲ್ಲ.

ಪೂರ್ತಿ ಕೋಳಿ ಮಾಯ, ಹೊಲದ ಕಡೆಗೆ ಸಾಲಾಗಿ ಪುಕ್ಕ ಬಿದ್ದಿದ್ದರೆ ನರಿ ಅಥವಾ ಕಾಡುಬೆಕ್ಕು ಕಚ್ಚಿಕೊಂಡು ಹೋಗಿದೆ. ಒಂದೇ ಕಡೆ ಸುತ್ತಲೂ ಪುಕ್ಕದ ಗುಡ್ಡೆ ಇದ್ದರೆ ಅದು ಕೂತು ಪುಕ್ಕ ಕಿತ್ತು ತಿಂದ ಬೇಟೆ ಹಕ್ಕಿ. ಐದಾರು ಕೋಳಿ ಅಲ್ಲೊಂದು ಇಲ್ಲೊಂದು ಚೆಲ್ಲಾಡಿ ಬಿದ್ದು, ಮೈಯೆಲ್ಲಾ ಎಳೆದಾಡಿದ ಗಾಯ ಇದ್ದು, ತಿನ್ನದೇ ಬಿಟ್ಟಿದ್ದರೆ ಮೊದಲು ಪಕ್ಕದ ಮನೆ ನಾಯಿಯ ಬಾಯಿ ನೋಡಿ. ಇದು ಜಗಳದ ವಿಷಯ ಅಂತ ಯಾರೂ ಹೇಳೋದಿಲ್ಲ. ನನ್ನ ಹತ್ತಿರ "ನರಿ ಹಿಡೀತು ಸಾಹೇಬ್ರೇ" ಅಂತ ತಂದ ಕೋಳಿಗಳಲ್ಲಿ ಎಷ್ಟೋ ನಾಯಿಯ ಕೆಲಸವೇ ಆಗಿರುತ್ತಿದ್ದವು.

ತತ್ತಿ ಮಾಯ, ಸಿಪ್ಪೆಯೂ ಇಲ್ಲ ಅಂದರೆ ಹಾವು ಅಥವಾ ಉಡ, ಇಡಿಯಾಗಿ ನುಂಗಿದೆ. ಸಿಪ್ಪೆ ಒಡೆದು ಬಿದ್ದಿದ್ದರೆ ಮುಂಗುಸಿ, ಕಾಗೆ, ಇಲ್ಲವೇ ನಿಮ್ಮದೇ ಕೋಳಿ. ತತ್ತಿ ತಿನ್ನುವ ಚಟ ಕೋಳಿಗೂ ಇರುತ್ತದೆ. ಸಣ್ಣ ಮರಿ ಸುಳಿವಿಲ್ಲದೆ ಮಾಯವಾದರೆ ಹದ್ದು, ಕಾಗೆ, ಹಾವು, ಹೆಗ್ಗಣ ನಾಲ್ಕೂ ಸಾಧ್ಯ. ಹೆಗ್ಗಣವನ್ನು ಜನ ಮರೆತೇಬಿಡುತ್ತಾರೆ. ರಾತ್ರಿ ತಾಯಿಯ ರೆಕ್ಕೆ ಕೆಳಗಿಂದಲೇ ಮರಿ ಎಳೆದುಕೊಂಡು ಹೋಗುತ್ತದೆ.

ನಿಮ್ಮ ಮೂರು ಹ್ಯಾಟೆ, ಕುತ್ತಿಗೆ ಗಾಯ, ಗೂಡಿನೊಳಗೆ. ಎಲ್ಲರೂ ಮುಂಗುಸಿ ಅಂತಾರೆ. ಆದರೆ ಮುಂಗುಸಿ ಹಗಲಿನ ಪ್ರಾಣಿ. ನಡುರಾತ್ರಿ ಆಗಿದ್ದರೆ ಪುನುಗು ಬೆಕ್ಕು ಅಥವಾ ಕಾಡುಬೆಕ್ಕು. ನೀವು ಬಾಗಿಲು ತೆಗೆದದ್ದು ಎಷ್ಟು ಹೊತ್ತಿಗೆ? ಸತ್ತ ಕೋಳಿ ಮುಟ್ಟಿದಾಗ ಬೆಚ್ಚಗಿತ್ತಾ, ಸೆಟೆದಿತ್ತಾ?

ಕಲಘಟಗಿ ಹಿತ್ತಲು

ಡಾಕ್ಟ್ರೇ, ಅವತ್ತು ಮಳೆ ಇತ್ತು ಅಂತ ಏಳೂವರೆಗೆ ತೆಗೆದದ್ದು. ಮುಟ್ಟಿ ನೋಡಿದವಳು ಅವ್ವ. ಒಂದು ಇನ್ನೂ ಬೆಚ್ಚಗಿತ್ತು ಅಂತಾಳೆ. ಹಿಂದಿನ ಗೋಡೆ ಬುಡದಲ್ಲಿ ಮುಷ್ಟಿ ಹಿಡಿಸುವಷ್ಟು ತೂತು ಇದೆ. ಇಲಿ ಬಿಲ ಅಂತ ಅಂದುಕೊಂಡಿದ್ದೆವು.

ನಿವೃತ್ತ ಪಶುವೈದ್ಯ, ಹಾವೇರಿ

ಹಾಗಾದರೆ ಬೆಳಕು ಹರಿದ ಮೇಲೆ ಬಂದಿದೆ. ಮುಂಗುಸಿಗೆ ಮುಷ್ಟಿಯಷ್ಟು ತೂತು ಸಾಕೋ ಸಾಕು. ಒಳಗೆ ಹೊಕ್ಕಾಗ ಕೋಳಿ ಗದ್ದಲ ಎಬ್ಬಿಸಿ ಹಾರಾಡುತ್ತವೆ, ಓಡಲು ಜಾಗ ಇರೋದಿಲ್ಲ. ಎದುರು ರೆಕ್ಕೆ ಬಡಿದದ್ದನ್ನೆಲ್ಲಾ ಅದು ಕಚ್ಚುತ್ತದೆ. ಒಂದನ್ನು ತಿನ್ನಲು ಬಂದು ಮೂರು ಕೊಲ್ಲುವುದು ಹೀಗೆ.

ಖಾತ್ರಿ ಬೇಕು ಅಂದರೆ ಒಲೆ ಬೂದಿ ಜರಡಿ ಹಿಡಿದು ಆ ತೂತಿನ ಮುಂದೆ ತೆಳ್ಳಗೆ ಹರಡಿ. ಬೆಳಿಗ್ಗೆ ಹೆಜ್ಜೆ ನೋಡಿ. ನಾಯಿಗೆ ನಾಲ್ಕು ಬೆರಳು, ಉಗುರಿನ ಗುರುತು ಬೀಳುತ್ತದೆ. ಬೆಕ್ಕಿಗೂ ನಾಲ್ಕೇ, ಆದರೆ ನಡೆಯುವಾಗ ಉಗುರು ಒಳಗೆ ಎಳೆದುಕೊಳ್ಳುತ್ತದೆ, ಗುರುತು ಬೀಳೋದಿಲ್ಲ. ಮುಂಗುಸಿಗೆ ಐದು ಬೆರಳು, ಸಣ್ಣ ಹೆಜ್ಜೆ, ಮುಂದೆ ಉದ್ದ ಉಗುರಿನ ಚುಕ್ಕೆ. ಮಳೆ ಬೀಳದ ಕಡೆ ಹರಡಿ ಅಷ್ಟೇ.

ಧಾರವಾಡ ಹಕ್ಕಿಪ್ರೇಮಿ

ಹದ್ದಿನ ಬಗ್ಗೆ ಎರಡು ಮಾತು. ನಮ್ಮ ಕಡೆ ಆಕಾಶದಲ್ಲಿ ಸುತ್ತು ಹೊಡೆಯುವ ಕರಿಹದ್ದು ತಾನೇ ಒಂದು ಕೆಜಿ ತೂಗುವುದಿಲ್ಲ. ಎರಡು ಕೆಜಿ ಹುಂಜವನ್ನು ಅದು ಎತ್ತಿಕೊಂಡು ಹೋಯ್ತು ಅಂದರೆ ನಂಬಬೇಡಿ. ಅದು ಒಯ್ಯುವುದು ಮರಿ. ಶಿಕ್ರಾ ಅನ್ನುವ ಸಣ್ಣ ಗಿಡುಗ ಪಾರಿವಾಳದಷ್ಟೇ ಇರುತ್ತದೆ. ಆದರೆ ಅದು ಮೇಲೆ ಸುತ್ತುವುದಿಲ್ಲ. ಬೇವಿನ ಮರದ ಎಲೆ ಮರೆಯಲ್ಲಿ ಕೂತು ನೇರ ನುಗ್ಗುತ್ತದೆ. ಅದಕ್ಕೇ ಜನ "ನೋಡ್ತಾ ನೋಡ್ತಾ ಮರಿ ಮಾಯ" ಅನ್ನೋದು.

ಬಟಾಬಯಲು ಇದ್ದರೆ ಹದ್ದಿಗೆ ಅನುಕೂಲ. ಕೋಳಿಗೆ ಹತ್ತು ಹೆಜ್ಜೆಯಲ್ಲಿ ನುಗ್ಗಿಕೊಳ್ಳಲು ಒಂದು ಮರೆ ಬೇಕು. ಗಾಡಿ ಕೆಳಗಿನ ಜಾಗ, ಕರಿಬೇವಿನ ಗಿಡ, ನುಗ್ಗೆ ಬುಡ, ತೊಗರಿ ಸಾಲು, ಏನಾದರೂ ನಡೆಯುತ್ತದೆ. ನಾಲ್ಕು ಗೂಟ ನೆಟ್ಟು ಮೇಲೆ ತೊಗರಿ ಕಟ್ಟಿಗೆ ಹಾಸಿದ ಮೊಣಕಾಲೆತ್ತರದ ಚಪ್ಪರವೂ ಸಾಕು.

ಹುಂಜದ ಕೂಗನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಮೇಲಿನಿಂದ ಅಪಾಯ ಬಂದರೆ ಉದ್ದಕ್ಕೆ ಎಳೆದ ಸಣ್ಣ ದನಿ. ನೆಲದ ಮೇಲೆ ನಾಯಿ, ಬೆಕ್ಕು ಕಂಡರೆ ಕೊಕ್ ಕೊಕ್ ಕೊಕ್ ಅಂತ ತುಂಡು ತುಂಡು ಕೂಗು, ನಿಲ್ಲಿಸದೆ. ಮೊದಲನೆಯದಕ್ಕೆ ಹೇಂಟೆಗಳು ಮರೆಗೆ ಓಡುತ್ತವೆ. ಎರಡನೆಯದಕ್ಕೆ ಕತ್ತೆತ್ತಿ ನಿಂತು ನೋಡುತ್ತವೆ. ವಿಜ್ಞಾನಿಗಳು ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ. ಒಳ್ಳೆ ಹುಂಜ ಇಲ್ಲದ ಹಿಂಡನ್ನು ಬಯಲಿಗೆ ಬಿಡಬೇಡಿ ಅನ್ನುವುದು ನನ್ನ ಅಭಿಪ್ರಾಯ. ಸಂತೆಗೆ ಮೊದಲು ಹುಂಜವನ್ನೇ ಒಯ್ಯುತ್ತೇವೆ ನಾವು, ಅದು ಬೇರೆ ಮಾತು.

ಹೊಲದಲ್ಲಿ ಕಾಜಾಣ ಗೂಡು ಕಟ್ಟಿದ್ದರೆ ಆ ಮರ ಕಡಿಯಬೇಡಿ. ಅಷ್ಟು ಸಣ್ಣ ಹಕ್ಕಿ ಹದ್ದನ್ನು ಬೆನ್ನಟ್ಟಿ ತಲೆ ಮೇಲೆ ಕುಕ್ಕಿ ಓಡಿಸುತ್ತದೆ.

ನರಗುಂದ ಎರೆಹೊಲ

ಕಾಗೆಯೂ ಹದ್ದನ್ನು ಓಡಿಸುತ್ತದೆ. ಓಡಿಸಿ ಬಂದು ತಾನೇ ಮರಿ ಎತ್ತುತ್ತದೆ 😄

ನಮ್ಮ ಕಡೆ ಮರಿಗೆ ಗುಲಾಬಿ ಬಣ್ಣ ಹಚ್ಚುತ್ತಾರೆ, ಹದ್ದು ಹೆದರುತ್ತೆ ಅಂತ. ನಿಜಾನಾ?

ಧಾರವಾಡ ಹಕ್ಕಿಪ್ರೇಮಿ

ಮೊದಲೆರಡು ದಿನ ಹದ್ದು ಅನುಮಾನ ಪಡಬಹುದು. ಅಷ್ಟರ ಮೇಲೆ ಗುಲಾಬಿ ಮರಿ ಇನ್ನೂ ಚೆನ್ನಾಗಿ ಕಾಣುತ್ತದೆ ಅಂತ ನನಗೆ ಅನಿಸುತ್ತದೆ. ಹಳೆ ಸಿಡಿ ನೇತು ಹಾಕುವುದೂ ಅಷ್ಟೇ. ಜಾಗ ಬದಲಿಸುತ್ತಿದ್ದರೆ ಸ್ವಲ್ಪ ದಿನ ನಡೆಯುತ್ತದೆ.

ಉಣಕಲ್ ಅಕ್ಕ

ನಮ್ಮದು ಹುಬ್ಬಳ್ಳಿ ಊರೊಳಗಿನ ಮನೆ. ನರಿ ಇಲ್ಲ, ಮುಂಗುಸಿ ಕಂಪೌಂಡ್ ಮೇಲೆ ದಿನಾ ಓಡಾಡುತ್ತದೆ, ಬೀದಿ ನಾಯಿಗಳಂತೂ ಹೇಳೋದೇ ಬೇಡ. ಆರು ಹೇಂಟೆ ಇವೆ. ನಾನು ಕಂಡುಕೊಂಡದ್ದು ಹೊತ್ತಿನ ಆಟ. ಕೋಳಿ ಹೆಚ್ಚಾಗಿ ಬೆಳಿಗ್ಗೆಯೇ ತತ್ತಿ ಇಡುತ್ತವೆ. ಅದಕ್ಕೆ ಹತ್ತು ಗಂಟೆವರೆಗೆ ಬಾಗಿಲು ತೆಗೆಯೋದಿಲ್ಲ. ತತ್ತಿ ಗೂಡಿನಲ್ಲೇ ಸಿಗುತ್ತದೆ, ಬೆಳಗಿನ ಜಾವದ ನಾಯಿ ಹಿಂಡೂ ಅಷ್ಟೊತ್ತಿಗೆ ಚದುರಿರುತ್ತದೆ. ಸಂಜೆ ಹೊತ್ತು ಮುಳುಗುವ ಮುಂಚೆ ಡಬ್ಬಿಯಲ್ಲಿ ಜೋಳ ಅಲ್ಲಾಡಿಸಿದರೆ ಓಡಿ ಬರುತ್ತವೆ. ಕತ್ತಲಾದರೆ ಅವಕ್ಕೆ ಕಣ್ಣು ಕಾಣೋದಿಲ್ಲ, ಆಗ ಹುಡುಕಿ ಪ್ರಯೋಜನ ಇಲ್ಲ.

ಕಲಘಟಗಿ ಅಣ್ಣಾವ್ರೇ, ನಿಮ್ಮ ಮನೆಯವರ ಮಾತೂ ಪೂರ್ತಿ ತಪ್ಪಲ್ಲ. ಸಂಜೆ ಕೋಳಿ ಎಣಿಸಿ ಬಾಗಿಲು ಹಾಕುವವರು ಯಾರು ನಿಮ್ಮಲ್ಲಿ? ನಮ್ಮಲ್ಲಿ ನಾನು. ಹೋದ ಕೋಳಿ ಲೆಕ್ಕ ಕೂಡ ನನ್ನ ತಲೆ ಮೇಲೇ ಬರೋದು.

ಕಲಘಟಗಿ ಹಿತ್ತಲು

ಅಕ್ಕಾರೆ, ಸಿಕ್ಕಿಹಾಕಿಸಿದ್ರಿ. ಬಾಗಿಲು ಹಾಕುವವಳು ಅವಳೇ. ಬಿಡಬೇಕು ಅನ್ನೋ ಭಾಷಣ ನನ್ನದು.

ಮುಂಡರಗಿ ಕುರಿ

ನಾವು ಕಪ್ಪತಗುಡ್ಡದ ಬುಡದವರು. ಇಲ್ಲಿ ತೋಳ ಇದೆ, ಚಿರತೆ ಇದೆ. 2019ರಲ್ಲಿ ಗುಡ್ಡವನ್ನು ವನ್ಯಜೀವಿಧಾಮ ಅಂತ ಘೋಷಿಸಿದರು. ಪ್ರಾಣಿ ಇರುತ್ತವೆ, ನಾವೂ ಇರುತ್ತೇವೆ. ಕುರಿ ಹಟ್ಟಿಗೆ ಮುಳ್ಳಿನ ಬೇಲಿ ಹಾಕುತ್ತೇವಲ್ಲ, ಅದನ್ನೇ ಕೋಳಿ ಗೂಡಿನ ಸುತ್ತ ಹಾಕಿ. ಬಳ್ಳಾರಿ ಜಾಲಿ ಟೊಂಗೆ ಕಡಿದು, ಬುಡ ಒಳಗೆ ತುದಿ ಹೊರಗೆ ಬರುವ ಹಾಗೆ ಒತ್ತಾಗಿ ಒಟ್ಟಬೇಕು. ನರಿ, ನಾಯಿ ಮೂತಿ ಹಾಕೋದಿಲ್ಲ. ದುಡ್ಡು ಖರ್ಚಿಲ್ಲ. ಮುಂಗುಸಿ ಮಾತ್ರ ಅದರೊಳಗೂ ನುಸುಳುತ್ತದೆ.

ನಾಯಿ ಸಾಕಿದರೆ ಮರಿ ಇರುವಾಗಲೇ ಕೋಳಿ ಜೊತೆ ಬೆಳೆಸಿ. ಬೆಳೆದ ನಾಯಿ ತಂದು ಕೋಳಿ ಕಾಯಿ ಅಂದರೆ ಅದು ಬೇರೆ ರೀತಿ ಕಾಯುತ್ತದೆ. ಮುಧೋಳ ನಾಯಿ ಅಂತೂ ಓಡುವುದನ್ನು ಕಂಡರೆ ಬೆನ್ನಟ್ಟುವ ಜಾತಿ. ಅದರ ಮುಂದೆ ಕೋಳಿ ಓಡಬಾರದು.

ರಾಣೆಬೆನ್ನೂರು ಶೆಡ್

ಮುಳ್ಳು, ಬೂದಿ, ಕಾಜಾಣ. ಒಂದು ಸಲ ಗಟ್ಟಿ ಶೆಡ್ ಕಟ್ಟಿದರೆ ಇದ್ಯಾವುದೂ ಬೇಡ ಅಲ್ವಾ?

ನರಗುಂದ ಎರೆಹೊಲ

ಗಟ್ಟಿ ಗೂಡು ಬೇಡ ಅಂತ ಯಾರು ಅಂದ್ರು? ರಾತ್ರಿಗೆ ಗೂಡು ಗಟ್ಟಿ ಇರಲೇಬೇಕು. ನನ್ನ ಮಟ್ಟಿಗೆ ಹಗಲು ಒಂದು ಲೆಕ್ಕ, ರಾತ್ರಿ ಇನ್ನೊಂದು ಲೆಕ್ಕ. ಹಗಲು ಬಿಟ್ಟ ನಲವತ್ತರಲ್ಲಿ ವರ್ಷಕ್ಕೆ ನಾಲ್ಕೈದು ಹೋದರೆ ಅದು ಕಾಳಿನ ಬದಲು ಕೊಟ್ಟ ಬಾಡಿಗೆ, ಕೊಡೋಣ. ರಾತ್ರಿ ಬಾಗಿಲು ಹಾಕಿದ ಮೇಲೆ ಒಂದೂ ಹೋಗಬಾರದು. ಮರಿ ವಿಷಯದಲ್ಲಿ ಹಗಲೂ ಬಾಡಿಗೆ ಕೊಡೋದಿಲ್ಲ. ಹತ್ತರಲ್ಲಿ ಆರು ಹೋಗುವುದು ಬಾಡಿಗೆ ಅಲ್ಲ, ದರೋಡೆ.

ಗೂಡಿನ ವಿಚಾರ ಹೇಳ್ತೀನಿ. ಪೇಟೆಯಲ್ಲಿ ಕೋಳಿ ಜಾಳಿಗೆ ಅಂತ ಕೊಡುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗೆ ಇಡುತ್ತದೆ, ನಾಯಿಯನ್ನು ಹೊರಗೆ ಇಡೋದಿಲ್ಲ. ನಾಯಿ ಹಲ್ಲಲ್ಲೇ ಹರಿಯುತ್ತದೆ. ಕೆಳಗಿನ ಎರಡು ಅಡಿಗಾದರೂ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ. ಒಂದು ಇಂಚು ದಾಟಿದರೆ ಮರಿ ಹಾವು, ಹೆಗ್ಗಣದ ಮರಿ ಒಳಗೆ ಬರುತ್ತವೆ. ಬೆಕ್ಕು ಕಾಲು ತೂರಿಸಿ ಮಲಗಿದ ಕೋಳಿ ತಲೆ ಎಳೆಯುತ್ತದೆ. ಬೆಳಿಗ್ಗೆ ತಲೆ ಇಲ್ಲದ ಕೋಳಿ ಜಾಳಿಗೆ ಪಕ್ಕ ಬಿದ್ದಿದ್ದರೆ ಇದೇ ಕಾರಣ. ಕೂರುವ ಬಂಬು ಗೋಡೆಯಿಂದ ಒಂದು ಅಡಿ ಒಳಗೆ ಇರಲಿ.

ಬುಡದಲ್ಲಿ ಒಂದು ಅಡಿ ಆಳ ಮೆಶ್ ಹೂಳಿ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಎರೆ (ಕಪ್ಪು) ಮಣ್ಣಿನಲ್ಲಿ ಅದು ನಿಲ್ಲೋದಿಲ್ಲ. ಮಳೆಗಾಲದಲ್ಲಿ ಮಣ್ಣು ಉಬ್ಬುತ್ತದೆ, ಬ್ಯಾಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಗೂಟ ವಾಲುತ್ತವೆ, ಮೆಶ್ ಪಕ್ಕದಲ್ಲೇ ಬಿರುಕು ಬಿಟ್ಟು ದಾರಿಯಾಗುತ್ತದೆ. ಅದಕ್ಕೆ ನಾನು ಹೂಳದೆ ಹೊರಗಡೆಗೆ ಒಂದೂವರೆ ಅಡಿ ಅಗಲ ನೆಲದ ಮೇಲೆ ಹಾಸಿ, ಮೇಲೆ ಕಲ್ಲು ಹೇರಿದ್ದೇನೆ. ಕೆರೆಯುವ ಪ್ರಾಣಿ ಗೋಡೆ ಬುಡದಲ್ಲೇ ಶುರು ಮಾಡುತ್ತದೆ. ಕಾಲ ಕೆಳಗೆ ತಂತಿ ಸಿಕ್ಕರೆ ಹಿಂದೆ ಸರಿದು ಕೆರೆಯುವ ಬುದ್ಧಿ ಅದಕ್ಕೆ ಓಡೋದಿಲ್ಲ. ಕಲಘಟಗಿ ಮಸಾರಿ (ಕೆಂಪು) ಮಣ್ಣಾದರೆ ಹೂಳಿದರೂ ನಡೆಯುತ್ತೆ.

ಶಿಗ್ಗಾವಿ ಹುಡುಗ

ಸರಿ, ವಿಷ ಬೇಡ. ಬೇಲಿಗೆ ಕರೆಂಟ್ ಬಿಟ್ಟರೆ? ಗೋವಿನಜೋಳಕ್ಕೆ ಹಂದಿ ಬರದ ಹಾಗೆ ಬಿಡ್ತಾರಲ್ಲ.

ಮುಂಡರಗಿ ಕುರಿ

ಮೇನ್ ಲೈನಿನಿಂದ ಎಳೆದರೆ ಮೊದಲು ಸಾಯೋದು ಮನೆಯವರೇ ತಮ್ಮಾ. ಅದೂ ಅಪರಾಧವೇ. ಬ್ಯಾಟರಿಯ ಸೋಲಾರ್ ಬೇಲಿ ಬೇರೆ, ಬಿಟ್ಟು ಬಿಟ್ಟು ಹೊಡೆಯುತ್ತದೆ, ಹೆದರಿಸುತ್ತದೆ ಅಷ್ಟೇ. ನಲವತ್ತು ಕೋಳಿಗೆ ಅದು ಜಾಸ್ತಿಯಾಯ್ತು.

ಕಲಘಟಗಿ ಹಿತ್ತಲು

ಬೂದಿ ಹಾಕಿ ನೋಡಿದೆ. ಸಣ್ಣ ಹೆಜ್ಜೆ, ಐದು ಬೆರಳು, ಮುಂದೆ ಸೂಜಿ ಚುಚ್ಚಿದಂಥ ಉಗುರಿನ ಗುರುತು. ಡಾಕ್ಟ್ರು ಹೇಳಿದ್ದೇ ಸರಿ. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ನೋಡಿದಾಗ ಬೂದಿ ಹಾಗೇ ಇತ್ತು, ಬೆಳಿಗ್ಗೆ ಏಳಕ್ಕೆ ಹೆಜ್ಜೆ ಇದ್ದವು. ತೂತಿಗೆ ಕಲ್ಲು ತುಂಬಿ ಸಿಮೆಂಟ್ ಹಾಕಿದ್ದೇನೆ. ಇಲಿ ಬಿಲ ಅಂದುಕೊಂಡದ್ದು ನಿಜಕ್ಕೂ ಮೊದಲು ಇಲಿಯದ್ದೇ ಇರಬೇಕು. ಮುಂಗುಸಿ ಇಲಿ ಹಿಂದೆ ಬಂದು ಕೋಳಿ ಕಂಡಿದೆ.

ಈಗ ಮರಿ ಪ್ರಶ್ನೆ. ಎರಡು ಹೇಂಟೆ ಕಾವಿಗೆ ಕೂತಿವೆ. ಇನ್ನು ಹತ್ತು ದಿನದಲ್ಲಿ ಮರಿ ಆಗುತ್ತವೆ. ಎಷ್ಟು ದಿನ ಒಳಗೆ ಇಡಬೇಕು?

ನಿವೃತ್ತ ಪಶುವೈದ್ಯ, ಹಾವೇರಿ

ಆರು ವಾರ ಬಯಲಿಗೆ ಬಿಡಬೇಡಿ. ಎಂಟು ಆದರೆ ಇನ್ನೂ ಒಳ್ಳೆಯದು. ಅಷ್ಟೊತ್ತಿಗೆ ಕಾಗೆಗೆ ಎತ್ತಲು ಆಗೋದಿಲ್ಲ, ಶಿಕ್ರಾಗೂ ಭಾರ. ಮೊದಲೆರಡು ವಾರ ತಾಯಿ ಸಮೇತ ದೊಡ್ಡ ಬಿದಿರು ಬುಟ್ಟಿ ಕೆಳಗೆ ಇಡಿ, ಮೇಲೊಂದು ಕಲ್ಲು ಹೇರಿ. ನಾಯಿ ಮೂಗಿನಿಂದ ಬುಟ್ಟಿ ಮಗುಚುತ್ತದೆ, ಅದಕ್ಕೆ ಕಲ್ಲು. ಆಮೇಲೆ ತಳ ಇಲ್ಲದ ಜಾಳಿಗೆ ಪೆಟ್ಟಿಗೆ ಮಾಡಿಸಿ, ಇಬ್ಬರು ಎತ್ತುವಷ್ಟು ಹಗುರ ಇರಲಿ. ದಿನಾ ಬೇರೆ ಬೇರೆ ಹುಲ್ಲಿನ ಮೇಲೆ ಇಟ್ಟರೆ ಮರಿ ಕೆದರುವುದನ್ನೂ ಕಲಿಯುತ್ತವೆ, ಹೊಸ ನೆಲವೂ ಸಿಗುತ್ತದೆ. ಒಂದೇ ಒದ್ದೆ ಜಾಗದಲ್ಲಿ ಇಟ್ಟರೆ ರಕ್ತಭೇದಿ ಬರುತ್ತದೆ. ರಾತ್ರಿ ಮಾತ್ರ ಪೆಟ್ಟಿಗೆಯಲ್ಲಿ ಬಿಡಬೇಡಿ, ಗೂಡಿಗೆ ತನ್ನಿ.

ಇದರ ಜೊತೆ ಲಸಿಕೆ. ಎಲ್ಲರೂ ಮುಂಗುಸಿ ಬಗ್ಗೆ ಇಷ್ಟು ಮಾತಾಡಿದ್ದೀರಿ, ಕೊಕ್ಕರೆ ರೋಗದ (ರಾಣಿಖೇತ್) ಮಾತು ಒಬ್ಬರೂ ಎತ್ತಲಿಲ್ಲ. ಮುಂಗುಸಿ ಮೂರು ಕೊಂದರೆ ಕೊಕ್ಕರೆ ರೋಗ ಊರ ಕೋಳಿಯನ್ನೇ ಖಾಲಿ ಮಾಡುತ್ತದೆ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ. ಎಂಟನೇ ವಾರಕ್ಕೆ ಅದೇ ರೋಗಕ್ಕೆ ಆರ್‌2ಬಿ ಚುಚ್ಚುಮದ್ದು. ಹೇಗೂ ಎಂಟು ವಾರ ಒಳಗೆ ಇರುತ್ತವಲ್ಲ, ಹಿಡಿಯಲು ಸುಲಭ. ಬಯಲಿಗೆ ಬಿಟ್ಟ ಮೇಲೆ ಜವಾರಿ ಹಿಡಿಯುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹುಲಕೋಟಿ, ಹನುಮನಮಟ್ಟಿ, ಸೈದಾಪುರ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಯಾವುದು ಹತ್ತಿರವೋ ಅಲ್ಲಿ ಕೇಳಬಹುದು, ನಿಮ್ಮ ಪಶು ಆಸ್ಪತ್ರೆಯಲ್ಲೂ ಕೇಳಿ. ಒಂದು ಬಾಟಲಿ ನೂರಾರು ಕೋಳಿಗೆ ಆಗುತ್ತದೆ, ತೆರೆದರೆ ಇಡಲು ಬರೋದಿಲ್ಲ. ಓಣಿಯವರೆಲ್ಲಾ ಸೇರಿ ಒಂದೇ ದಿನ ಹಾಕಿಸಿ.

ನರಗುಂದ ಎರೆಹೊಲ

ಗಿರಿರಾಜ ಬಗ್ಗೆ ಒಂದು. ಅವು ಭಾರ, ಹಾರಿ ಟೊಂಗೆ ಹತ್ತೋದಿಲ್ಲ. ನಾಯಿ ಬಂದಾಗ ಜವಾರಿ ಬಣವಿ ಮೇಲೆ ಕೂತಿರುತ್ತದೆ, ಗಿರಿರಾಜ ಬಣವಿ ಸುತ್ತ ಓಡುತ್ತಿರುತ್ತದೆ. ತತ್ತಿ ಜಾಸ್ತಿ ಕೊಡುತ್ತವೆ, ಮಾತಿಲ್ಲ. ನನ್ನ ಕೇಳಿದರೆ ಗಿರಿರಾಜವನ್ನು ಬೇಲಿಯೊಳಗೆ ಇಡಿ, ಜವಾರಿಯನ್ನು ಹೊರಗೆ ಬಿಡಿ.

ಕಲಘಟಗಿ ಹಿತ್ತಲು

ಮನೆಯಲ್ಲಿ ಕೂತು ಮಾತಾಡಿದ್ವಿ. ಗೂಡಿನ ಬುಡಕ್ಕೆ ಮೆಶ್, ಹೊರಗೆ ಹಾಸಿ ಕಲ್ಲು. ಗಿರಿರಾಜಕ್ಕೆ ಹಿತ್ತಲಲ್ಲಿ ಬೇಲಿ. ಜವಾರಿ ಹತ್ತು ಗಂಟೆ ಮೇಲೆ ಹೊರಗೆ, ಆದರೆ ಹಳ್ಳದ ಕಡೆ ಅಲ್ಲ, ಬಣವಿ ಕಡೆ. ಗೋವಿನಜೋಳ ಕಟಾವು ಆಗುವ ತನಕ ಆ ಕಡೆ ಹೋಗದ ಹಾಗೆ ಜಾಲಿ ಮುಳ್ಳು ಹಾಕ್ತೀವಿ. ಕಟಾವಾದ ಮೇಲೆ ನರಿಗೆ ಮರೆ ಇರೋದಿಲ್ಲ, ಕೋಳಿಗೆ ಉದುರಿದ ಕಾಳೂ ಇರುತ್ತದೆ. ಸಂಜೆ ಬಾಗಿಲು ಹಾಕುವ ಕೆಲಸ ಇನ್ನು ಮೇಲೆ ನನ್ನದು ಅಂತ ತೀರ್ಮಾನ ಆಗಿದೆ. ಅದನ್ನು ತೀರ್ಮಾನ ಮಾಡಿದ್ದು ನಾನಲ್ಲ.

ಉಣಕಲ್ ಅಕ್ಕ

😄 ಒಳ್ಳೇದಾಯ್ತು. ಮೆಶ್ ತರುವಾಗ ತಂತಿ ದಪ್ಪ ನೋಡಿ ತನ್ನಿ. ಅರ್ಧ ಇಂಚಿನದು ಅಂತ ಬೆರಳಲ್ಲಿ ಒತ್ತಿದರೆ ಬಗ್ಗುವುದನ್ನೂ ಕೊಡ್ತಾರೆ. ಗ್ಯಾಲ್ವನೈಜ್ ಇರಲಿ, ಇಲ್ಲದಿದ್ದರೆ ನಿಮ್ಮ ಕಡೆ ಮಳೆಗೆ ಎರಡು ವರ್ಷಕ್ಕೆ ತುಕ್ಕು ಹಿಡಿಯುತ್ತದೆ.

ರಾಣೆಬೆನ್ನೂರು ಶೆಡ್

ನನ್ನ ಹತ್ತಿರ ಶೆಡ್ ಕಟ್ಟಿದಾಗ ಉಳಿದ ಮೆಶ್ ಅರ್ಧ ರೋಲ್ ಇದೆ. ಅರ್ಧ ಇಂಚಿನದೇ, ದಪ್ಪ ತಂತಿ. ಈ ಕಡೆ ಬಂದರೆ ಒಯ್ಯಿರಿ. ದುಡ್ಡು ಬೇಡ, ಜವಾರಿ ಹುಂಜ ಒಂದು ಕೊಟ್ಟರೆ ಸಾಕು.

ಧಾರವಾಡ ಹಕ್ಕಿಪ್ರೇಮಿ

ಹುಂಜ ಕೊಡಬೇಡಿ. ಹ್ಯಾಟೆ ಕೊಡಿ.